ದೋಣಿಯ ಡೀಸೆಲ್ ಹೀಟರ್: ಹೊಗೆಗೆ ಯಾವ ದಾರಿ, ಯಾವ ಕೊಳವೆ?

ದೋಣಿಗೆ ಡೀಸೆಲ್ ಹೀಟರ್ ಹಾಕಿಸಲು ಹೊರಟವರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುವುದು ಹೀಟರಿನ ಬ್ರ್ಯಾಂಡಿನ ಬಗ್ಗೆ. ವೆಬಾಸ್ಟೊ ಕೊಳ್ಳುವುದೋ, ಎಬರ್‌ಸ್ಪೆಶರ್ ಕೊಳ್ಳುವುದೋ, ತೀರಾ ಕಡಿಮೆ ಬೆಲೆಗೆ ಸಿಗುವ ಚೀನಾದ ಕಿಟ್ ಸಾಕೋ ಎಂಬ ಚರ್ಚೆಗೆ ಕೊನೆಯೇ ಇಲ್ಲ. ಹೊಗೆ ಕೊಳವೆಯ ಮಾತು ಬರುವುದು ಪೆಟ್ಟಿಗೆ ಬಿಚ್ಚಿದ ಮೇಲೆ, ಒಳಗಿರುವ ಮೂರಡಿ ಪೈಪನ್ನು ಕೈಯಲ್ಲಿ ಹಿಡಿದು ‘ಇದನ್ನು ಎಲ್ಲಿಂದ ಹೊರಗೆ ಹಾಕಲಿ’ ಎಂದು ಸುತ್ತ ನೋಡುವಾಗ.

ಈ ಕ್ರಮವೇ ತಲೆಕೆಳಗು. ಹೀಟರ್ ಕೆಟ್ಟರೆ ಒಂದು ರಾತ್ರಿ ಚಳಿಯಲ್ಲಿ ಕಳೆಯಬೇಕಾಗುತ್ತದೆ, ಅಷ್ಟೆ. ಹೊಗೆಯ ದಾರಿ ಕೆಟ್ಟರೆ ಒಳಗೆ ಮಲಗಿದವರು ಏಳದೇ ಹೋಗಬಹುದು, ದೋಣಿಗೆ ನೀರು ನುಗ್ಗಬಹುದು, ಬೆಂಕಿಯೂ ಹತ್ತಬಹುದು. ಆದ್ದರಿಂದ ಮೊದಲು ಹೊರಬಾಯಿಯ ಜಾಗ, ಆಮೇಲೆ ಕೊಳವೆ, ಕೊನೆಗೆ ಹೀಟರ್ ಎಂಬ ಕ್ರಮದಲ್ಲಿ ತೀರ್ಮಾನಿಸುವುದು ಒಳ್ಳೆಯದು. ಹಣ ಉಳಿಸಲೇಬೇಕಿದ್ದರೆ ಹೀಟರಿನಲ್ಲಿ ಉಳಿಸಿ, ಕೊಳವೆಯಲ್ಲಿ ಬೇಡ.

ಇಲ್ಲಿ ಹೇಳುತ್ತಿರುವುದು ಫ್ಯಾನ್ ಇರುವ, ಬಿಸಿಗಾಳಿ ಅಥವಾ ಬಿಸಿನೀರು ಕೊಡುವ ಹೀಟರುಗಳ ಬಗ್ಗೆ. ಡೀಸೆಲ್ ಹನಿಹನಿಯಾಗಿ ಇಳಿದು ಉರಿಯುವ, ನೇರ ಚಿಮಣಿ ಇರುವ ಒಲೆಗಳ ಲೆಕ್ಕಾಚಾರ ಬೇರೆ. ಅವುಗಳಿಗೆ ಹೊಗೆಯನ್ನು ಮೇಲಕ್ಕೆ ಎಳೆಯುವ ಎತ್ತರದ ಚಿಮಣಿಯೇ ಜೀವ, ದೋಣಿಯ ಮೇಲ್ಹಾಸಾದ ಡೆಕ್ಕಿನ ಮೂಲಕ ಹೋಗುವುದನ್ನು ಬಿಟ್ಟರೆ ಬೇರೆ ದಾರಿಯಿಲ್ಲ.

ಏನನ್ನು ತೂಗಿ ನೋಡಬೇಕು

ಫ್ಯಾನ್ ಹೀಟರಿನಲ್ಲಿ ಗಾಳಿಗೆ ಎರಡು ಪ್ರತ್ಯೇಕ ದಾರಿಗಳಿವೆ. ಕ್ಯಾಬಿನ್ನಿಗೆ ಹೋಗುವ ಬಿಸಿಗಾಳಿಯದು ಒಂದು, ಡೀಸೆಲ್ ಉರಿಯಲು ಬೇಕಾದ ಗಾಳಿ ಒಳಬಂದು ಹೊಗೆಯಾಗಿ ಹೊರಹೋಗುವುದು ಇನ್ನೊಂದು. ಎರಡರ ನಡುವೆ ಲೋಹದ ಗೋಡೆಯಿದೆ. ಅದು ಬಿರುಕು ಬಿಡುವುದು ಅಪರೂಪ. ಹೊಗೆ ಕ್ಯಾಬಿನ್ನಿಗೆ ಬರುವುದಾದರೆ ಬಹುಮಟ್ಟಿಗೆ ಕೊಳವೆಯಿಂದ, ಅದರ ಕೀಲುಗಳಿಂದ, ಇಲ್ಲವೇ ಹೊರಗೆ ಹೋದದ್ದು ಕಿಟಕಿಯಿಂದ ಮರಳಿ. ಹಾಗಾಗಿ ಮೊದಲ ಪ್ರಶ್ನೆ: ಕೊಳವೆ ಉದ್ದಕ್ಕೂ ಅನಿಲ ಸೋರದಂತಿದೆಯೇ? ಲಾರಿಯಲ್ಲಿ ಇದೇ ಕೊಳವೆ ಗಾಡಿಯ ಹೊಟ್ಟೆಯ ಕೆಳಗೆ, ಬಯಲು ಗಾಳಿಯಲ್ಲಿ ಇರುತ್ತದೆ. ಸ್ವಲ್ಪ ಸೋರಿದರೂ ಯಾರಿಗೂ ತೊಂದರೆಯಿಲ್ಲ. ದೋಣಿಯಲ್ಲಿ ಅದು ನಾವು ಮಲಗುವ ಜಾಗದ ಪಕ್ಕದ ಲಾಕರಿನಲ್ಲಿ, ಅಂದರೆ ಸಾಮಾನು ಇಡುವ ಗೂಡಿನಲ್ಲಿ, ಹಾದುಹೋಗುತ್ತದೆ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಡೀಸೆಲ್ ಹೊಗೆಯ ಕಮಟು ವಾಸನೆ ಎಚ್ಚರಿಸುತ್ತದೆ ಎಂದು ನಂಬಿಕೊಂಡು ಮಲಗುವುದು ಅಪಾಯ.

ಎರಡನೆಯದು ನೀರು. ಒಡಲಿನಲ್ಲಿ ನೀವೇ ಕೊರೆದ ತೂತಿಗೆ ಸಮುದ್ರ ಬರಬಾರದು. ಬಂದರೆ ಮೊದಲು ಹೀಟರ್ ಹಾಳು, ಹೆಚ್ಚು ಬಂದರೆ ದೋಣಿಯೇ ಅಪಾಯದಲ್ಲಿ. ನೀರು ಒಳಗಿನಿಂದಲೂ ಹುಟ್ಟುತ್ತದೆ: ಒಂದು ಲೀಟರ್ ಡೀಸೆಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರಿನಷ್ಟು ನೀರು ಆವಿಯಾಗಿ ಹೊಗೆಯಲ್ಲಿ ಸೇರುತ್ತದೆ. ಬಹುಪಾಲು ಹೊರಗೆ ಹೋಗುತ್ತದೆಯಾದರೂ ಕೊಳವೆ ತಣ್ಣಗಿರುವಾಗ, ಅಂದರೆ ಪ್ರತಿ ಸಲ ಹೀಟರ್ ಶುರುವಾದಾಗ, ಸ್ವಲ್ಪ ಒಳಗೇ ಹನಿಗಟ್ಟುತ್ತದೆ. ಡೀಸೆಲ್ಲಿನ ಗಂಧಕ ಸೇರಿ ಅದು ಆಮ್ಲವಾಗುತ್ತದೆ. ತಗ್ಗಿನಲ್ಲಿ ನಿಂತರೆ ಉಕ್ಕನ್ನೂ ತಿನ್ನುತ್ತದೆ.

ಮೂರನೆಯದು ಹೊಗೆಗೆ ಎದುರಾಗುವ ಅಡೆತಡೆ. ಹೀಟರಿನೊಳಗಿನ ಫ್ಯಾನ್ ಪುಟ್ಟದು. ಕೊಳವೆ ಉದ್ದವಾದಷ್ಟೂ, ಬಾಗುಗಳು ಹೆಚ್ಚಾದಷ್ಟೂ ಅದು ಏದುಸಿರು ಬಿಡುತ್ತದೆ. ಉರಿಗೆ ಗಾಳಿ ಸಾಲದೆ ಮಸಿ ಕಟ್ಟುತ್ತದೆ, ಮಸಿ ಕಟ್ಟಿದ ಹೀಟರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡೂ ಹೆಚ್ಚುತ್ತದೆ. ಎಲ್ಲ ಬಾಗುಗಳ ಒಟ್ಟು ಕೋನ 270 ಡಿಗ್ರಿ ಮೀರಬಾರದು ಎಂಬ ಮಿತಿ ಹಲವು ಕೈಪಿಡಿಗಳಲ್ಲಿದೆ. ಉದ್ದಕ್ಕೂ ಗರಿಷ್ಠ ಮಿತಿಯಿರುತ್ತದೆ, ಅದು ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ನಿಮ್ಮ ಹೀಟರಿನ ಕೈಪಿಡಿಯಲ್ಲಿ ಈ ಎರಡು ಅಂಕಿಗಳನ್ನು ಹುಡುಕಿ ಗೋಡೆಗೆ ಅಂಟಿಸಿಕೊಳ್ಳಿ. ಜಾಗದ ಆಯ್ಕೆಯಲ್ಲಿ ಅರ್ಧಕ್ಕರ್ಧ ಅಲ್ಲೇ ತೀರ್ಮಾನವಾಗುತ್ತದೆ.

ಇನ್ನುಳಿದದ್ದು ಶಾಖ, ಸದ್ದು ಮತ್ತು ಹೊರಬಂದ ಹೊಗೆ ಎತ್ತ ಹೋಗುತ್ತದೆ ಎಂಬುದು. ಇವುಗಳ ಜೊತೆಗೆ ಎಲ್ಲರೂ ಮರೆಯುವ ಒಂದು ಅಂಶವಿದೆ: ವರ್ಷಕ್ಕೊಮ್ಮೆ ಈ ಕೊಳವೆಯನ್ನು ಕಣ್ಣಿಂದ ನೋಡಲು, ಕೈಯಿಂದ ಮುಟ್ಟಲು ಸಾಧ್ಯವೇ? ಮರದ ಫಲಕಗಳ ಹಿಂದೆ ಅಂದವಾಗಿ ಅಡಗಿಸಿದ ಕೊಳವೆ ಸೋರತೊಡಗಿದರೆ ತಿಳಿಯುವುದೇ ಇಲ್ಲ.

ಹೊರಬಾಯಿ ಎಲ್ಲಿ?

ಮೂರು ಆಯ್ಕೆಗಳಿವೆ: ಹಿಂಬದಿಯ ಗೋಡೆ ಅಂದರೆ ಟ್ರಾನ್ಸಮ್, ಪಕ್ಕದ ಗೋಡೆ, ಡೆಕ್.

ಹಾಯಿದೋಣಿಗಳಲ್ಲಿ ಟ್ರಾನ್ಸಮ್ಮೇ ಹೆಚ್ಚು ಬಳಕೆಯಲ್ಲಿದೆ, ಅದಕ್ಕೆ ಕಾರಣವೂ ಇದೆ. ಹಾಯಿದೋಣಿ ವಾಲುತ್ತದೆ. 3 ಮೀಟರ್ ಅಗಲದ ದೋಣಿ 20 ಡಿಗ್ರಿ ವಾಲಿತೆಂದರೆ ಅದರ ಒಂದು ಬದಿ ಸುಮಾರು ಅರ್ಧ ಮೀಟರ್ ಕೆಳಗಿಳಿಯುತ್ತದೆ. ಜೆಟ್ಟಿಯಲ್ಲಿ ನಿಂತಾಗ ನೀರಿಗಿಂತ ಬಹಳ ಮೇಲಿದೆ ಎನಿಸಿದ ಪಕ್ಕದ ತೂತು ಆಗ ನೀರಿನೊಳಗಿರುತ್ತದೆ. ಟ್ರಾನ್ಸಮ್ಮಿನ ನಡುಭಾಗದಲ್ಲಿ ಎತ್ತರಕ್ಕಿಟ್ಟ ಬಾಯಿಗೆ ಈ ಕಷ್ಟ ಕಡಿಮೆ. ಲಂಗರು ಹಾಕಿ ನಿಂತ ದೋಣಿ ಮೂತಿಯನ್ನು ಗಾಳಿಗೆ ಒಡ್ಡಿಕೊಂಡಿರುತ್ತದೆಯಾದ್ದರಿಂದ ಹಿಂದಿನಿಂದ ಬಿಟ್ಟ ಹೊಗೆ ತಾನಾಗಿ ದೂರ ಹೋಗುತ್ತದೆ. ರಾತ್ರಿಗಳನ್ನು ಹೆಚ್ಚಾಗಿ ಲಂಗರಿನಲ್ಲೇ ಕಳೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಜೆಟ್ಟಿಗೆ ಕಟ್ಟಿದ ದೋಣಿಯ ಕಥೆ ಬೇರೆ. ಅಲ್ಲಿ ದೋಣಿ ಗಾಳಿಗೆ ತಕ್ಕಂತೆ ತಿರುಗಲಾರದು. ಗಾಳಿ ಹಿಂದಿನಿಂದ ಬೀಸಿದರೆ ಟ್ರಾನ್ಸಮ್ಮಿನ ಹೊಗೆ ನೇರವಾಗಿ ಚುಕ್ಕಾಣಿ ಹಿಡಿದು ಕೂರುವ ಕಾಕ್‌ಪಿಟ್ಟಿಗೆ, ಅಲ್ಲಿಂದ ಕ್ಯಾಬಿನ್ನಿನ ಬಾಗಿಲಿಗೆ. ಎಂಜಿನ್ ಹಾಕಿಕೊಂಡು ಹೋಗುವಾಗಲೂ ದೋಣಿಯ ಹಿಂದೆ ಗಾಳಿಯ ಒತ್ತಡ ತಗ್ಗಿ ಹೊಗೆ ಹಿಂದಿರುಗಿ ಸುಳಿಯುತ್ತದೆ. ಕ್ಯಾನ್ವಾಸಿನ ಡೇರೆಯಂಥ ಹೊದಿಕೆಯಿಂದ ಕಾಕ್‌ಪಿಟ್ಟನ್ನು ಮುಚ್ಚಿ ಹಿಂಬದಿಯನ್ನು ಮಾತ್ರ ತೆರೆದಿಟ್ಟರೆ ಆ ಡೇರೆಯೇ ಹೊಗೆಯ ಬಲೆ. ಹೀಟರ್ ದೋಣಿಯ ಮುಂಭಾಗದಲ್ಲಿದ್ದು ಬಾಯಿ ಹಿಂದಿದ್ದರೆ ಕೊಳವೆ ಮಿತಿಮೀರಿ ಉದ್ದವಾಗುತ್ತದೆ. ಟ್ರಾನ್ಸಮ್ ಆರಿಸಿಕೊಂಡವರು ಹೀಟರನ್ನೂ ಹಿಂದಿನ ಲಾಕರಿಗೇ ಒಯ್ಯಬೇಕು. ಬಿಸಿಗಾಳಿಯ ಅಗಲ ಕೊಳವೆ ಉದ್ದವಾದರೆ ಸ್ವಲ್ಪ ಶಾಖ ನಷ್ಟ, ಹೊಗೆ ಕೊಳವೆ ಉದ್ದವಾದರೆ ಹೀಟರಿಗೇ ನಷ್ಟ.

ಪಕ್ಕದ ಗೋಡೆಯ ದೊಡ್ಡ ಲಾಭ ಕಡಿಮೆ ಉದ್ದ. ಹೀಟರಿನಿಂದ ಒಂದು ಮೀಟರಿನೊಳಗೆ, ಎರಡೇ ಬಾಗುಗಳಲ್ಲಿ ಹೊಗೆ ಹೊರಗೆ. ವಾಲದ ದೋಣಿಗಳಿಗೆ, ಅಂದರೆ ಮೋಟಾರು ದೋಣಿ, ಕಾಲುವೆಯ ಉಕ್ಕಿನ ದೋಣಿ, ಅವಳಿ ಒಡಲಿನ ದೋಣಿ ಇವುಗಳಿಗೆ ನಾನು ಮೊದಲು ನೋಡುವುದು ಇದನ್ನೇ. ಹಾಯಿದೋಣಿಗೆ ಇದು ಬೇಕೇ ಎಂದಾದರೆ ಬಾಯಿಯನ್ನು ಡೆಕ್ಕಿನ ಅಂಚಿನ ಕೆಳಗೆ ಸಾಧ್ಯವಾದಷ್ಟು ಮೇಲಿಟ್ಟು, ಒಳಗೆ ಕೊಳವೆಯನ್ನು ಇನ್ನೂ ಮೇಲಕ್ಕೆತ್ತಿ ಇಳಿಸುವ ಏರುಬಾಗು ಕೊಡಲೇಬೇಕು. ಕೆಲವರು ಹಾಯಿ ಬಿಚ್ಚುವ ಮುನ್ನ ಹೊರಬಾಯಿಗೆ ಬಿರಡೆ ಹಾಕುತ್ತಾರೆ. ಅದು ಕೆಲಸ ಮಾಡುತ್ತದೆ, ಬಿರಡೆ ತೆಗೆಯದೆ ಹೀಟರ್ ಹಚ್ಚುವ ರಾತ್ರಿಯವರೆಗೆ. ಬಿರಡೆಗೆ ಕೆಂಪು ದಾರ ಕಟ್ಟಿ ಅದರ ಇನ್ನೊಂದು ತುದಿಯನ್ನು ಹೀಟರಿನ ಸ್ವಿಚ್ಚಿಗೆ ಸಿಕ್ಕಿಸುವಷ್ಟು ಶಿಸ್ತು ಇರುವವರು ಮಾತ್ರ ಈ ದಾರಿ ಹಿಡಿಯಲಿ.

ಪಕ್ಕದ ಬಾಯಿಗೆ ಇನ್ನೊಂದು ತಕರಾರು ನೆರೆಹೊರೆಯದು. ಜೆಟ್ಟಿಯಲ್ಲಿ ಪಕ್ಕದ ದೋಣಿ ಒಂದೆರಡು ಮೀಟರ್ ದೂರದಲ್ಲಿರುತ್ತದೆ. ನಿಮ್ಮ ಹೊಗೆ ಮತ್ತು ಗರಗರ ಸದ್ದು ರಾತ್ರಿಯಿಡೀ ಅವರ ಕಿಟಕಿಗೆ. ಬಾಯಿಯ ಎದುರಿಗೇ ಫೆಂಡರ್, ಅಂದರೆ ದೋಣಿ ಜೆಟ್ಟಿಗೆ ಉಜ್ಜದಂತೆ ತಡೆಯುವ ಪ್ಲಾಸ್ಟಿಕ್ ಮೆತ್ತೆ, ತೂಗಿಬಿಟ್ಟರೆ ಬೆಳಗಾಗುವಷ್ಟರಲ್ಲಿ ಅದು ಕರಗಿ ಬಾಯಿಗೆ ಮೆತ್ತಿಕೊಂಡಿರುತ್ತದೆ. ಸಾಮಾನ್ಯವಾಗಿ ಯಾವ ಬದಿಯನ್ನು ಜೆಟ್ಟಿಗೆ ತಾಗಿಸುತ್ತೀರೋ ಅದರ ಎದುರು ಬದಿಯಲ್ಲಿ ತೂತು ಕೊರೆಯಿರಿ.

ಡೆಕ್ಕಿನ ಮೂಲಕ ಹೊಗೆ ಬಿಡುವುದರಲ್ಲಿ ಸಮುದ್ರದ ನೀರಿನ ಭಯ ಬಹಳ ಕಡಿಮೆ. ಆದರೆ ಮಳೆ, ಡೆಕ್ ತೊಳೆಯುವ ಅಲೆ, ಹೊತ್ತಲ್ಲದ ಹೊತ್ತಿನಲ್ಲಿ ಬರಿಗಾಲಲ್ಲಿ ಓಡಾಡುವ ಜನ, ಬಿಸಿ ಲೋಹದ ಮೇಲೆ ಉಜ್ಜಿ ಕರಗುವ ನೈಲಾನ್ ಹಗ್ಗ ಎಲ್ಲ ಅಲ್ಲಿ ಕಾಯುತ್ತಿರುತ್ತವೆ. ಡೆಕ್ಕಿನ ಮೇಲೆಯೇ ಗಾಳಿಕಿಂಡಿಗಳೂ ಹ್ಯಾಚುಗಳೂ (ಮೇಲಕ್ಕೆ ತೆರೆಯುವ ಮುಚ್ಚಳಗಳು) ಇರುವುದರಿಂದ ಹೊಗೆ ಮರಳಿ ಒಳಬರುವ ಸಾಧ್ಯತೆ ಈ ಜಾಗದಲ್ಲೇ ಅತಿ ಹೆಚ್ಚು. ಹಾಯಿ ಹಗ್ಗಗಳ ಗೋಜಿಲ್ಲದ, ಎತ್ತರದ ಛಾವಣಿಯ ಕೆಲಸದ ದೋಣಿಗೆ ಸರಿಹೋದೀತು. ಉಳಿದವರು ಬೇರೆ ದಾರಿಯೇ ಇಲ್ಲದಾಗ ಮಾತ್ರ ಇದನ್ನು ಯೋಚಿಸಬಹುದು.

‘ಎಂಜಿನ್ನಿನ ಎಕ್ಸಾಸ್ಟಿಗೇ ಜೋಡಿಸಿಬಿಟ್ಟರೆ ಹೊಸ ತೂತೇ ಬೇಡವಲ್ಲ?’ ಎಂದು ಕೇಳುವವರಿದ್ದಾರೆ. ಕೂಡದು. ಎಂಜಿನ್ನಿನ ಎಕ್ಸಾಸ್ಟಿನಲ್ಲಿ ಒತ್ತಡವೂ ಇದೆ, ಬಹಳಷ್ಟು ದೋಣಿಗಳಲ್ಲಿ ತಂಪು ಮಾಡುವ ನೀರೂ ಇದೆ. ಎರಡೂ ನೇರ ಹೀಟರಿಗೆ ನುಗ್ಗುತ್ತವೆ.

ಎಲ್ಲಿ ಕೊರೆದರೂ ಡೀಸೆಲ್ ತುಂಬುವ ಬಾಯಿ, ಟ್ಯಾಂಕಿನ ಗಾಳಿಕೊಳವೆ, ಅಡುಗೆ ಅನಿಲದ ಸಿಲಿಂಡರ್ ಇಡುವ ಲಾಕರಿನ ತೂತು, ತೆರೆಯುವ ಕಿಟಕಿ ಇವುಗಳಿಂದ ಸಾಕಷ್ಟು ದೂರವಿರಬೇಕು.

ಯಾವ ಕೊಳವೆ?

ಎಲ್ಲರೂ ಹಣ ಉಳಿಸಲು ಹೋಗುವುದು ಇಲ್ಲಿ. ಸಣ್ಣ, 2 ಕಿಲೋವಾಟಿನ ಹೀಟರುಗಳಿಗೆ ಸಾಮಾನ್ಯವಾಗಿ 24 ಮಿಲಿಮೀಟರ್ ಒಳವ್ಯಾಸದ ಕೊಳವೆ ಬೇಕು, ದೊಡ್ಡ ಬಿಸಿನೀರಿನ ಹೀಟರುಗಳಲ್ಲಿ 38 ಮಿಲಿಮೀಟರಿನದೂ ಇದೆ. ಹೀಟರಿನ ಮೂತಿಗಿಂತ ಕಿರಿದಾದ ಕೊಳವೆಯನ್ನು ಯಾವ ಕಾರಣಕ್ಕೂ ಹಾಕಬಾರದು.

ಅಗ್ಗದ ಕಿಟ್ಟಿನ ಜೊತೆ ಬರುವುದು ಲಾರಿಗೆಂದು ಮಾಡಿದ, ತೆಳು ಉಕ್ಕಿನ ಪಟ್ಟಿಯನ್ನು ಸುರುಳಿ ಸುತ್ತಿ ಅಂಚಿಗೆ ಅಂಚು ಮಡಿಸಿ ಸಿಕ್ಕಿಸಿದ ಕೊಳವೆ. ಹಾವಿನ ಹೊಟ್ಟೆಯ ಪೊರೆಯಂತೆ ಪಟ್ಟಿಗಳು ಒಂದರ ಮೇಲೊಂದು ಜಾರುತ್ತವೆ, ಅದಕ್ಕೇ ಅದು ಅಷ್ಟು ಸಲೀಸಾಗಿ ಬಾಗುವುದು. ಆ ಜಾರುವ ಜಾಗವೇ ಸೋರುವ ಜಾಗ. ನಂಬಿಕೆ ಬಾರದಿದ್ದರೆ ಒಂದು ತುದಿಗೆ ಬೂಚು ಹಾಕಿ, ಕೊಳವೆಯನ್ನು ಸ್ವಲ್ಪ ಬಾಗಿಸಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಹೊರಗಿರುವ ತುದಿಯಿಂದ ಊದಿ ನೋಡಿ. ಬಾಗಿನ ಹೊರಮೈಯಲ್ಲಿ ಸಾಲುಸಾಲಾಗಿ ಸಣ್ಣ ಗುಳ್ಳೆಗಳೇಳುತ್ತವೆ. ಅದೇ ಕೊಳವೆ ಹಾಸಿಗೆಯ ಕೆಳಗಿದ್ದರೆ ಆ ಗುಳ್ಳೆಗಳ ಜಾಗದಲ್ಲಿ ಬರುವುದೇನು ಎಂದು ಬಿಡಿಸಿ ಹೇಳಬೇಕಿಲ್ಲ. ಹೊರಗಡೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಸೀಲಂಟ್ ಬಳಿದು ಇದನ್ನು ‘ಸರಿಮಾಡುವ’ ಸಲಹೆಗಳನ್ನು ಕೇಳಿದ್ದೇನೆ. ನಾಲ್ಕು ಸಲ ಕಾದು ತಣಿದರೆ ಆ ಸೀಲಂಟ್ ಸೀಳಿರುತ್ತದೆ. ಈ ಕೊಳವೆಯನ್ನು ದೋಣಿಯ ಒಳಗೆ ಬಳಸುವ ಪ್ರಶ್ನೆಯೇ ಇಲ್ಲ ಎಂಬುದು ನನ್ನ ಮಾತು, ಅದು ಎಷ್ಟೇ ಗಿಡ್ಡವಿರಲಿ.

ಎರಡನೆಯದು ದೋಣಿಗೆಂದೇ ಮಾರುವ, ಅನಿಲ ಸೋರದ, ಬಾಗುವ ಕೊಳವೆ. ನೋಡಲು ಇದೂ ಏಣುಏಣಾಗಿಯೇ ಇರುತ್ತದೆ, ಆದರೆ ಇಲ್ಲಿ ಲೋಹ ಎಲ್ಲೂ ತುಂಡಾಗಿಲ್ಲ: ಒಂದೇ ಅಖಂಡ ಗೋಡೆಯನ್ನು ಸುಕ್ಕುಗಟ್ಟಿಸಿರುತ್ತಾರೆ. ಬೆಲೆ ಹಲವು ಪಟ್ಟು ಹೆಚ್ಚು. ಹೊರಬಾಯಿಯ ಜೋಡಣೆ, ಸೈಲೆನ್ಸರ್, ಹೊದಿಕೆ ಎಲ್ಲ ಸೇರಿದರೆ ಅಗ್ಗದ ಹೀಟರ್ ಕಿಟ್ಟಿನ ಬೆಲೆಗೆ ಸಮನಾಗಬಹುದು, ಮೀರಲೂಬಹುದು. ಜನ ಹಿಂಜರಿಯುವುದು ಇದಕ್ಕೇ: ಹೀಟರಿಗಿಂತ ಪೈಪಿಗೆ ಹೆಚ್ಚು ಕೊಡುವುದು ಯಾವ ನ್ಯಾಯ ಎಂದು. ನನಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಮಲಗಿದವರಿಗೂ ಹೊಗೆಗೂ ನಡುವೆ ಇರುವುದು ಆ ಪೈಪೇ ತಾನೇ. ಇದರ ದೋಷವೆಂದರೆ ಸುಕ್ಕುಗಳಲ್ಲಿ ನೀರು ನಿಲ್ಲುತ್ತದೆ, ನುಣುಪು ಕೊಳವೆಗಿಂತ ಹೊಗೆಗೆ ತಡೆಯೂ ಹೆಚ್ಚು. ತೆಳು ಗೋಡೆಯಾದ್ದರಿಂದ ಹತ್ತಾರು ಸಲ ಅತ್ತಿತ್ತ ಬಾಗಿಸಿದರೆ ಸುಕ್ಕಿನ ಬುಡದಲ್ಲಿ ಬಿರುಕು ಬರುತ್ತದೆ. ದಾರಿಯನ್ನು ಮೊದಲು ತೋಟಕ್ಕೆ ನೀರು ಬಿಡುವ ಹಳೆಯ ಪೈಪೊಂದರಿಂದ ಹಾಕಿ ನೋಡಿ, ಅಳತೆ ಖಚಿತವಾದ ಮೇಲೆ ನಿಜವಾದದ್ದನ್ನು ಒಂದೇ ಸಲ ಬಾಗಿಸಿ ಕೂರಿಸಿ.

ಮೂರನೆಯದು ಗಟ್ಟಿ ಕೊಳವೆ: ಸ್ಟೇನ್‌ಲೆಸ್ ಸ್ಟೀಲ್ ಟ್ಯೂಬನ್ನು ದೋಣಿಯ ಅಳತೆಗೆ ಬಾಗಿಸಿ ವೆಲ್ಡ್ ಮಾಡಿಸುವುದು. ಒಳಮೈ ನುಣುಪು, ಗೋಡೆ ದಪ್ಪ, ಕೀಲುಗಳು ಕಡಿಮೆ. ನೀರು ನಿಲ್ಲದಂತೆ ಇಳಿಜಾರು ಕೊಡುವುದೂ ಸುಲಭ. ವರ್ಷವಿಡೀ ದೋಣಿಯಲ್ಲೇ ವಾಸಿಸುವವರಿಗೆ ಕೊನೆಗೆ ಅಗ್ಗವಾಗುವುದು ಇದೇ ಎನ್ನುವುದು ನನ್ನ ಲೆಕ್ಕ. ಆದರೆ ಒಳ್ಳೆಯ ವೆಲ್ಡರ್ ಬೇಕು, ಅಳತೆಯಲ್ಲಿ ಎಡವಟ್ಟಾದರೆ ತಿದ್ದಲು ಬಾರದು. ಇದಕ್ಕಿಂತ ಮುಖ್ಯ, ಉಕ್ಕು ಕಾದರೆ ಹಿಗ್ಗುತ್ತದೆ. ಒಂದು ಮೀಟರ್ ಸ್ಟೇನ್‌ಲೆಸ್ ಕೊಳವೆ 300 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಯೇರಿದರೆ ಸುಮಾರು 5 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಬಿಗಿಯಾಗಿದ್ದರೆ ಆ ತಳ್ಳಾಟವನ್ನೆಲ್ಲ ಹೀಟರಿನ ಅಲ್ಯೂಮಿನಿಯಂ ಮೂತಿ ಅಥವಾ ಒಡಲಿನ ಜೋಡಣೆ ಸಹಿಸಬೇಕು. ಹೀಟರಿನ ಬಳಿ ಒಂದು ಗಿಡ್ಡ, ಸೋರದ ಬಾಗುವ ತುಂಡನ್ನು ಸೇರಿಸಿದರೆ ಈ ಸಮಸ್ಯೆ ತೀರುತ್ತದೆ, ಹೀಟರಿನ ಅದುರುವಿಕೆಯೂ ಕೊಳವೆಗೆ ದಾಟುವುದಿಲ್ಲ.

ಉಕ್ಕಿನ ದರ್ಜೆಯ ವಿಚಾರದಲ್ಲಿ ಉಪ್ಪುನೀರಿನ ದೋಣಿಗೆ 316 ಕೇಳಿ ಪಡೆಯಿರಿ. ಸಿಹಿನೀರಿನಲ್ಲಿ 304 ನಡೆಯುತ್ತದೆ. ಯಾವ ದರ್ಜೆಯೂ ಚಿರಂಜೀವಿಯಲ್ಲ. ಬಿಸಿ, ಉಪ್ಪು, ಆಮ್ಲ ಮೂರೂ ಸೇರಿದರೆ 316ರಲ್ಲೂ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಉರಿಗೆ ಗಾಳಿ ತರುವ ಕೊಳವೆಯನ್ನೇ ಹೊಗೆಗೂ ಬಳಸುವವರಿದ್ದಾರೆ. ಅದು ಪ್ಲಾಸ್ಟಿಕ್ಕಿನದೋ ತೆಳು ಅಲ್ಯೂಮಿನಿಯಂನದೋ ಆಗಿರುತ್ತದೆ, ಹೊಗೆಯ ಶಾಖಕ್ಕೆ ಬಾಳುವುದಿಲ್ಲ.

ಒಡಲು ದಾಟುವ ಜೋಡಣೆ

ಫೈಬರ್ ದೋಣಿಯ ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ 100 ಡಿಗ್ರಿಯೊಳಗೇ ಮೆತ್ತಗಾಗತೊಡಗುತ್ತದೆ. ಹೊಗೆ ಕೊಳವೆಯ ಮೈ ಹೀಟರಿನ ಬಳಿ ಕೆಲವು ನೂರು ಡಿಗ್ರಿ ಇರುತ್ತದೆ, ಹೊರಬಾಯಿಯ ಹೊತ್ತಿಗೆ ತಗ್ಗಿದರೂ ಕೊಳವೆ ಗಿಡ್ಡವಾಗಿದ್ದರೆ ಅಷ್ಟೇನೂ ತಗ್ಗುವುದಿಲ್ಲ. ಒಂದೇ ಗೋಡೆಯ ಅಗ್ಗದ ಜೋಡಣೆ ಹಾಕಿದ ದೋಣಿಗಳಲ್ಲಿ ಬಾಯಿಯ ಸುತ್ತಲಿನ ಜೆಲ್‌ಕೋಟ್, ಅಂದರೆ ಫೈಬರಿನ ನುಣುಪಾದ ಹೊರಪದರ, ಮೊದಲು ಹಳದಿಯಾಗುತ್ತದೆ, ಆಮೇಲೆ ಕಂದುಬಣ್ಣದ ಉಂಗುರ, ಆ ಉಂಗುರದಿಂದ ಕೂದಲೆಳೆಯಂಥ ಸೀಳುಗಳು. ಫೈಬರಿಗೂ ಮರಕ್ಕೂ ಎರಡು ಗೋಡೆಗಳ ನಡುವೆ ಗಾಳಿ ಇರುವ ಜೋಡಣೆಯನ್ನೇ ಕೊಳ್ಳಬೇಕು. ಉಕ್ಕಿನ ಒಡಲಿಗೆ ಒಂದೇ ಗೋಡೆಯದು ಸಾಕು. ಬಣ್ಣ ಸ್ವಲ್ಪ ಕರಕಲಾದೀತು, ಒಳಬದಿಯಲ್ಲಿ ಫೋಮ್ ಹೊದಿಕೆ ಇದ್ದರೆ ಮಾತ್ರ ಸುತ್ತ ಅಗಲವಾಗಿ ಕೆತ್ತಿ ತೆಗೆಯಿರಿ.

ಗೋಡೆಯ ನಡುವೆ ಬಾಲ್ಸಾ ಮರವೋ ಫೋಮೋ ತುಂಬಿದ ಒಡಲಾದರೆ ತೂತಿನ ಸುತ್ತ ಆ ತಿರುಳನ್ನು ಕೆರೆದು ಎಪಾಕ್ಸಿ ತುಂಬಿದ ಮೇಲೆಯೇ ಜೋಡಣೆ ಕೂರಿಸಬೇಕು. ಸೀಲಂಟ್ ಶಾಖ ತಡೆಯುವ ಸಿಲಿಕೋನ್ ಇರಲಿ. ಡೆಕ್ಕಿಗೆ ಬಳಸುವ ಪಾಲಿಯುರೆಥೇನ್ ಅಂಟು ಇಲ್ಲಿ ಬೆಂದು ಹೋಗುತ್ತದೆ.

ಕೊಳವೆ ಒಳಗೆ ಮೇಲೇರಿ, ನೆತ್ತಿ ಮುಟ್ಟಿ, ಅಲ್ಲಿಂದ ಹೊರಬಾಯಿಗೆ ಇಳಿಯಬೇಕು. ಆ ನೆತ್ತಿ ಎಷ್ಟು ಎತ್ತರವೋ ಅಷ್ಟು ಒಳ್ಳೆಯದು, ಬಾಗಿನ ಲೆಕ್ಕ ಮಾತ್ರ ಮರೆಯಬೇಡಿ. ಹೀಟರಿನಿಂದ ನೆತ್ತಿಯವರೆಗಿನ ಏರಿನಲ್ಲಿ ಹನಿಗಟ್ಟಿದ ನೀರು ಹೀಟರಿನತ್ತಲೇ ಹಿಂದಿರುಗುತ್ತದೆಯಾದ್ದರಿಂದ ಅತಿ ತಗ್ಗಿನಲ್ಲಿ ನೀರು ಬಸಿಯುವ ಕೀಲು ಬೇಕು. ಆ ಕೀಲಿಗೆ ಸೋರದಂಥ ಮುಚ್ಚಳವಿರಬೇಕು. ತೆರೆದ ತೂತು ಬಿಟ್ಟರೆ ನೀರಿನ ಜೊತೆ ಹೊಗೆಯೂ ಇಳಿಯುತ್ತದೆ.

ಹೊದಿಕೆ ಮತ್ತು ಸೈಲೆನ್ಸರ್

ಹೊದಿಕೆಯಲ್ಲಿ ಎರಡು ಬಗೆ. ಗಾಜಿನ ನಾರಿನ ತೋಳನ್ನು ಕೊಳವೆಯ ಮೇಲೆ ಏರಿಸುವುದು ಒಂದು, ಮೋಟಾರ್‌ಸೈಕಲ್ಲಿಗೆ ಸುತ್ತುವಂಥ ಪಟ್ಟಿಯನ್ನು ಬಿಗಿಯಾಗಿ ಸುತ್ತುವುದು ಇನ್ನೊಂದು. ಪಟ್ಟಿ ಅಗ್ಗ, ಯಾವ ಬಾಗಿಗೂ ಹೊಂದುತ್ತದೆ. ನನಗೆ ತೋಳೇ ಇಷ್ಟ, ಏಕೆಂದರೆ ಅದನ್ನು ಹಿಂದಕ್ಕೆ ಸರಿಸಿ ಒಳಗೆ ನೋಡಬಹುದು. ಒದ್ದೆಯಾದ ಪಟ್ಟಿ ಉಪ್ಪುನೀರನ್ನು ಉಕ್ಕಿಗೆ ಒತ್ತಿಹಿಡಿದು ಕೂರುತ್ತದೆ, ಕೊಳವೆ ತುಕ್ಕು ಹಿಡಿದದ್ದು ಅದನ್ನು ಬಿಚ್ಚುವವರೆಗೂ ತಿಳಿಯುವುದಿಲ್ಲ. ಹೊದಿಕೆಗೆ ಡೀಸೆಲ್ ತೊಟ್ಟಿಕ್ಕಿದ್ದರೆ ತಕ್ಷಣ ಬದಲಿಸಿ. ಹೊದಿಕೆ ಇದೆಯೆಂದು ಕೊಳವೆಯನ್ನು ಮರಕ್ಕೆ ಒರಗಿಸಬಾರದು, ನಡುವೆ ಗಾಳಿಯಾಡುವ ಅಂತರ ಬೇಕೇ ಬೇಕು. ಹಳೆಯ ದೋಣಿಯಲ್ಲಿ ಮೊದಲೇ ಸುತ್ತಿದ್ದ ಬೂದುಬಣ್ಣದ ಹೊದಿಕೆ ಕಂಡರೆ ಕೈ ಹಾಕಬೇಡಿ: ಅದು ಕಲ್ನಾರು (ಆಸ್ಬೆಸ್ಟಾಸ್) ಆಗಿರಬಹುದು, ಪರೀಕ್ಷೆ ಮಾಡಿಸಿದ ಮೇಲೆ ಮುಂದಿನ ಮಾತು.

ಸೈಲೆನ್ಸರ್ ಬೇಕೇ? ನೀವು ಲಂಗರಿನಲ್ಲಿ ಒಂಟಿಯಾಗಿರುವವರಾದರೆ ಬೇಡವೆನ್ನಬಹುದು, ತಡೆಯೂ ಕಡಿಮೆಯಾಗುತ್ತದೆ. ಜೆಟ್ಟಿಯಲ್ಲಿ ಇರುವವರಾದರೆ ಹಾಕಿ, ಇಲ್ಲದಿದ್ದರೆ ನೆರೆಯವರ ಜೊತೆಗಿನ ಮಾತುಕತೆ ನಿಂತೀತು. ಆದರೆ ಕಿಟ್ಟಿನಲ್ಲಿ ಬರುವ ಲಾರಿಯ ಸೈಲೆನ್ಸರನ್ನು ತಿರುಗಿಸಿ ನೋಡಿ. ಕೆಳಮೈಯಲ್ಲಿ ಒಂದು ಚಿಕ್ಕ ತೂತು ಇರುತ್ತದೆ, ನೀರು ಬಸಿಯಲೆಂದು. ಅಂಚಿನ ಮಡಿಕೆಯೂ ವೆಲ್ಡ್ ಆಗಿರುವುದಿಲ್ಲ. ಇದನ್ನು ದೋಣಿಯೊಳಗೆ ಕೂರಿಸುವುದೆಂದರೆ ಲಾಕರಿನೊಳಗೆ ಹೊಗೆಯ ಸಣ್ಣ ನಲ್ಲಿಯೊಂದನ್ನು ತೆರೆದಿಟ್ಟಂತೆ. ಸುತ್ತಲೂ ವೆಲ್ಡ್ ಮಾಡಿದ, ತೂತಿಲ್ಲದ ಸೈಲೆನ್ಸರ್ ಸಿಗುತ್ತದೆ. ಅದು ಕೈಗೆಟುಕದಿದ್ದರೆ ಸೈಲೆನ್ಸರನ್ನೇ ಬಿಟ್ಟುಬಿಡಿ.

ಉರಿಗೆ ಗಾಳಿ ಎಳೆಯುವ ಬಾಯಿಯ ಬಗ್ಗೆ ಒಂದೇ ಮಾತು: ಹೊರಗಿನಿಂದ ತರುವುದಾದರೆ ಅದನ್ನು ಹೊಗೆಬಾಯಿ ಇರುವ ಬದಿಯಲ್ಲೇ, ಹೊಗೆಯನ್ನು ಮತ್ತೆ ಎಳೆದುಕೊಳ್ಳದಷ್ಟು ದೂರದಲ್ಲಿ ಇಡಿ. ಒಂದು ಬಾಯಿ ಗಾಳಿಗೆ ಎದುರಾಗಿ, ಇನ್ನೊಂದು ಮರೆಯಲ್ಲಿ ಇದ್ದರೆ ಜೋರು ಗಾಳಿಯಲ್ಲಿ ಉರಿ ಆರಿಹೋಗುತ್ತದೆ. ಚೆನ್ನಾಗಿ ಗಾಳಿಯಾಡುವ ಲಾಕರಿನಿಂದ ಎಳೆಸುವುದೂ ಸರಿಯೇ. ಪೆಟ್ರೋಲ್ ಅಥವಾ ಅಡುಗೆ ಅನಿಲ ಇರುವ ಜಾಗದಿಂದ ಎಂದಿಗೂ ಕೂಡದು.

ನಿಮಗೆ ಯಾವುದು?

ವಾರಾಂತ್ಯಕ್ಕೆ ಹೋಗಿಬರುವ ಫೈಬರ್ ಹಾಯಿದೋಣಿಗೆ: ಹೀಟರ್ ಹಿಂದಿನ ಲಾಕರಿನಲ್ಲಿ, ಟ್ರಾನ್ಸಮ್ಮಿನ ಮೇಲುಭಾಗದಲ್ಲಿ ಎರಡು ಗೋಡೆಯ ಜೋಡಣೆ, ನಡುವೆ ಸೋರದ ಬಾಗುವ ಕೊಳವೆ, ಮೇಲೆ ತೋಳು. ವರ್ಷದಲ್ಲಿ ಹೀಟರ್ ಉರಿಯುವ ಗಂಟೆಗಳು ಕಡಿಮೆಯಾದ್ದರಿಂದ ಗಟ್ಟಿ ಕೊಳವೆಗೆ ಹಣ ಸುರಿಯಬೇಕಿಲ್ಲ.

ದೋಣಿಯಲ್ಲೇ ಸಂಸಾರ ಹೂಡಿದವರ ಮಾತು ಬೇರೆ. ಚಳಿಗಾಲದಲ್ಲಿ ಹೀಟರ್ ಹಗಲಿರುಳು ಉರಿಯುತ್ತದೆ, ಅದೂ ಬಹುಪಾಲು ಸಣ್ಣ ಉರಿಯಲ್ಲಿ. ಸಣ್ಣ ಉರಿಯಲ್ಲಿ ಮಸಿಯೂ ನೀರೂ ಹೆಚ್ಚು. ಇವರಿಗೆ 316ರ ಗಟ್ಟಿ ಕೊಳವೆ, ಹೀಟರಿನ ಬಳಿ ಬಾಗುವ ತುಂಡು, ಕೈಗೆ ಸಿಗುವಲ್ಲಿ ಬಸಿಯುವ ಕೀಲು, ವೆಲ್ಡ್ ಮಾಡಿದ ಸೈಲೆನ್ಸರ್. ದಿನಕ್ಕೊಮ್ಮೆ ಅರ್ಧ ಗಂಟೆ ಪೂರ್ಣ ಉರಿಯಲ್ಲಿ ಓಡಿಸಿದರೆ ಮಸಿ ಸುಟ್ಟುಹೋಗುತ್ತದೆ. ಉಕ್ಕಿನ ಕಾಲುವೆ ದೋಣಿಯಾದರೆ ಪಕ್ಕದ ಗೋಡೆ, ಗಿಡ್ಡ ದಾರಿ, ಒಂದೇ ಗೋಡೆಯ ಜೋಡಣೆ. ಎಲ್ಲಕ್ಕಿಂತ ಸರಳವಾದ ಕೆಲಸ ಅದೇ.

ಕೈಯಲ್ಲಿ ಹಣ ಕಡಿಮೆಯಿದ್ದರೆ ಅಗ್ಗದ ಕಿಟ್ ಕೊಂಡು, ಅದರಲ್ಲಿನ ಹೊಗೆ ಕೊಳವೆ ಮತ್ತು ಸೈಲೆನ್ಸರನ್ನು ಪಕ್ಕಕ್ಕಿಟ್ಟು, ಉಳಿದ ಹಣದಲ್ಲಿ ಸೋರದ ಕೊಳವೆ ಮತ್ತು ಸರಿಯಾದ ಜೋಡಣೆ ತನ್ನಿ. ಅಷ್ಟೂ ಇಲ್ಲದಿದ್ದರೆ ಈ ವರ್ಷ ಕಂಬಳಿ ಸಾಕು. ಇನ್ನೊಂದು ತುದಿಯಲ್ಲಿ, ದುಬಾರಿ ಹೀಟರಿಗೆ ಕಿಟ್ಟಿನ ಪೈಪನ್ನು ಸಿಕ್ಕಿಸಿದವರಿದ್ದಾರೆ. ಅವರಿಗಿಂತ ಈ ಅಗ್ಗದ ಕಿಟ್ಟಿನವರೇ ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಯಾವ ಆಯ್ಕೆಯಾದರೂ ಮಲಗುವ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಲೇಬೇಕು. ಮನೆಗೆಂದು ಮಾರುವುದನ್ನು ಬಿಟ್ಟು ದೋಣಿ ಮತ್ತು ಪ್ರವಾಸಿ ವಾಹನಗಳಿಗಾಗಿ ಇರುವ, ಯುರೋಪಿನ ಇಎನ್ 50291-2 ಮಾನದಂಡದ ಗುರುತಿರುವುದನ್ನು ಕೊಳ್ಳಿ. ಅದುರಾಟವನ್ನೂ ತೇವವನ್ನೂ ತಡೆಯುವಂತೆ ಪರೀಕ್ಷಿಸಿದ್ದು ಅದು.

ಹಾಕಿದ ಮೇಲೆ

ಕೀಲುಗಳಿಗೆ ಎಕ್ಸಾಸ್ಟ್ ಪೇಸ್ಟ್ ಬಳಿದು ಕ್ಲಾಂಪು ಬಿಗಿದ ಮೇಲೆ, ಪೇಸ್ಟ್ ಒಣಗಲು ಬಿಟ್ಟು, ಹೊದಿಕೆ ಏರಿಸುವ ಮುನ್ನವೇ ಪರೀಕ್ಷಿಸಿ. ಹೀಟರಿನ ಕಡೆಯ ತುದಿಯನ್ನು ಬಿಚ್ಚಿ, ಹೊರಬಾಯಿಗೆ ಬೂಚು ಹಾಕಿ, ಕಾಲಲ್ಲಿ ಒತ್ತುವ ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿ ಕೀಲುಗಳಿಗೆ ಸೋಪಿನ ನೀರು ಹಚ್ಚಿದರೆ ಸೋರುವ ಜಾಗ ತಾನೇ ತೋರುತ್ತದೆ. ಗುಳ್ಳೆ ಎದ್ದಲ್ಲೆಲ್ಲ ಬಿಚ್ಚಿ ಮತ್ತೆ ಕೂರಿಸಬೇಕು, ಮೇಲಿನಿಂದ ಇನ್ನಷ್ಟು ಪೇಸ್ಟ್ ಮೆತ್ತಿ ಮುಗಿಸುವಂತಿಲ್ಲ. ಆಮೇಲೆ ಬೂಚು ತೆಗೆದು, ತುದಿಯನ್ನು ಮರಳಿ ಜೋಡಿಸಿ, ಹೊದಿಕೆ ಹಾಕಿ ಹ್ಯಾಚುಗಳನ್ನೆಲ್ಲ ತೆರೆದಿಟ್ಟು ಒಂದು ಗಂಟೆ ಪೂರ್ಣ ಉರಿಯಲ್ಲಿ ಓಡಿಸಿ. ಕೊಳವೆಯ ಸುತ್ತಲಿನ ಮರವನ್ನೂ ಫೈಬರನ್ನೂ ಅಂಗೈಯಿಂದ ಮುಟ್ಟಿ ನೋಡಿ. ಕೈ ಇಡಲಾಗದಷ್ಟು ಬಿಸಿಯಿದ್ದರೆ ಅಂತರ ಸಾಲದು. ಪೂರ್ಣ ತಣಿದ ಮೇಲೆ ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿಮಾಡಿ, ಮೊದಲ ಕೆಲವು ಕಾವಿನಲ್ಲಿ ಅವು ಸಡಿಲವಾಗುವುದು ಸಹಜ.

ಹಾಯಿದೋಣಿಯವರು ಚೆನ್ನಾಗಿ ವಾಲಿ ಸಾಗಿದ ಮೊದಲ ದಿನವೇ, ಹೀಟರ್ ಹಚ್ಚುವ ಮುನ್ನ, ಬಸಿಯುವ ಕೀಲನ್ನು ತೆರೆದು ನೋಡಬೇಕು. ಬಂದ ನೀರನ್ನು ಬೆರಳಿಗೆ ಹಚ್ಚಿ ಒಣಗಲು ಬಿಡಿ. ಬಿಳಿ ಉಪ್ಪು ಉಳಿದರೆ ಅದು ಸಮುದ್ರದ್ದು, ಏರುಬಾಗಿನ ನೆತ್ತಿ ಸಾಲುವುದಿಲ್ಲ. ಮಸಿ ಮಾತ್ರ ಉಳಿದರೆ ಅದು ಉರಿಯಲ್ಲಿ ಹುಟ್ಟಿದ ನೀರು, ಚಿಂತೆಯಿಲ್ಲ. ಆಮೇಲೆ ವರ್ಷಕ್ಕೊಮ್ಮೆ ತೋಳನ್ನು ಸರಿಸಿ ಟಾರ್ಚ್ ಹಿಡಿದು ನೋಡಿ. ಕೀಲಿನ ಬಳಿ ಕೂದಲೆಳೆಯಷ್ಟು ಕಪ್ಪು ಗೆರೆ ಕಂಡರೂ ಅಲ್ಲಿ ಸೋರುತ್ತಿದೆ ಎಂದೇ ಅರ್ಥ. ಆ ಕೀಲನ್ನು ಬಿಚ್ಚಿ ಹೊಸದಾಗಿ ಕೂರಿಸುವವರೆಗೆ ಹೀಟರಿನ ಫ್ಯೂಸ್ ತೆಗೆದಿಡಿ. ಗೆರೆ ಕಂಡದ್ದು ಕೀಲಿನಲ್ಲಲ್ಲದೆ ಕೊಳವೆಯ ಮೈಯಲ್ಲೇ ಆದರೆ ಆ ತುಂಡನ್ನು ಪೂರ್ತಿ ಬದಲಿಸಿ.